ಗೋಧಿ ಬಿಯರ್: ಹೈದರಾಬಾದಿನಲ್ಲಿ ಬೇಡ

ಕಾಚಿಗುಡದ ಓದುಗರೇ, ತೆಲಂಗಾಣದಲ್ಲಿ ಜಾರಿಯಲ್ಲಿರುವ 1968ರ ಅಬಕಾರಿ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಹಾಗಾಗಿ ಬಿಯರ್ ಮಾಡಲೆಂದು ನಿಮ್ಮ ಮಗ ಕಳಿಸಿದ ಮಾಲ್ಟ್ ಸಾರವನ್ನು ಹುದುಗಿಸಬೇಡಿ. ಕಹಿ ಕೊಡುವ ಹಾಪ್ಸ್ ಹೂ ಸೇರಿರದಿದ್ದರೆ ಹಾಲಿಗೆ ಬೆರೆಸಿ ಕುಡಿಯಿರಿ, ರುಚಿಯಾಗಿರುತ್ತದೆ.

ಮಗ ಅಮೆರಿಕದಲ್ಲಿ ಮಾಡುವ ಗೋಧಿ ಬಿಯರಿಗೆ ಲವಂಗದ ಘಮವೇ ಇಲ್ಲ ಎಂದಿದ್ದೀರಿ. ಬಾಳೆಹಣ್ಣು, ಲವಂಗದ ಪರಿಮಳ ಎರಡೂ ಹುಟ್ಟುವುದು ಗೋಧಿ ಬಿಯರಿನದೇ ಯೀಸ್ಟಿನಿಂದ. ಬೇರೆ ಯೀಸ್ಟ್ ಹಾಕಿದರೆ ಸಾಮಾನ್ಯವಾಗಿ ಬರುವುದಿಲ್ಲ. ಕುದಿಸಿದ ದ್ರವ ಪೂರ್ತಿ ತಣಿದ ಮೇಲೆ ಯೀಸ್ಟ್ ಹಾಕಿ 18ರಿಂದ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಲಿ. ಶಾಖ ಏರಿದಷ್ಟೂ ಬಾಳೆಹಣ್ಣು ಮುಂದಾಗಿ ಲವಂಗ ಅಡಗುತ್ತದೆ. ನೊರೆ ಜೋರಾಗಿ ಉಕ್ಕುವುದರಿಂದ ಪಾತ್ರೆಯ ಕಾಲು ಭಾಗ ಖಾಲಿ ಇರಲಿ. ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಎರಡು ಮೂರು ದಿನ ಒಂದೇ ಅಂಕಿ ತೋರಿಸುವವರೆಗೆ ಸೀಸೆಗೆ ತುಂಬಬಾರದು, ಹುದುಗುವುದು ಮುಗಿಯದಿದ್ದರೆ ಸೀಸೆ ಸಿಡಿಯಬಹುದು. ಇದನ್ನು ಅವನಿಗೆ ತಪ್ಪದೆ ಹೇಳಿ.