ನಕಲು ಇದ್ದರೆ ಸಾಲದು, ತಾಳೆಯಾಗಬೇಕು



ಒಕ್ಕೂಟದ ಲೆಕ್ಕ ಕಂಪ್ಯೂಟರಿಗೆ ಹೋದ ಮೇಲೆ ಉಳಿತಾಯ, ಸಾಲ, ನಗದು ಎಲ್ಲವೂ ಡೇಟಾಬೇಸ್‌ನಲ್ಲಿ ಬೇರೆ ಬೇರೆ ಪಟ್ಟಿಗಳಾಗಿ ಇರುತ್ತವೆ. ಯಂತ್ರ ಕೆಟ್ಟರೆ ಲೆಕ್ಕ ಮತ್ತೆ ಸಿಗುವುದು ಅದರ ನಕಲಿನಿಂದ, ಅಂದರೆ ಬ್ಯಾಕಪ್‌ನಿಂದ.

ನಕಲು ಮಾಡುವಾಗ ಪಟ್ಟಿಗಳು ಒಂದಾದ ಮೇಲೊಂದು ಹೋಗುತ್ತವೆ. ಸಾಲದ ಪಟ್ಟಿ ನಕಲಾಯ್ತು ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ ಒಬ್ಬ ಸದಸ್ಯೆ 500 ರೂಪಾಯಿ ಕಂತು ಕಟ್ಟಿದರು. ಆಮೇಲೆ ನಗದು ಪಟ್ಟಿ ನಕಲಾಯ್ತು. ಈ ನಕಲಿನಲ್ಲಿ ನಗದು 500 ಜಾಸ್ತಿ ಇರುತ್ತೆ, ಅವರ ಸಾಲ ಮಾತ್ರ ಇಳಿದಿರೋದಿಲ್ಲ. ದುಡ್ಡು ಕಟ್ಟಿದವರೇ ಬಾಕಿದಾರರಾಗ್ತಾರೆ!

ಇದಕ್ಕೆ ಉಪಾಯವಿದೆ. ಮೈಎಸ್‌ಕ್ಯೂಎಲ್ ಡೇಟಾಬೇಸ್ ಆದರೆ, ‘ಮೈಎಸ್‌ಕ್ಯೂಎಲ್‌ಡಂಪ್’ ನಡೆಸುವಾಗ ‘ಸಿಂಗಲ್ ಟ್ರಾನ್ಸಾಕ್ಷನ್’ ಎಂಬ ಆಯ್ಕೆ ಕೊಡಬೇಕು. ಆಗ ಎಲ್ಲ ಪಟ್ಟಿಗಳೂ ಒಂದೇ ಕ್ಷಣದಲ್ಲಿ ಹೇಗಿದ್ದವೋ ಹಾಗೆ ನಕಲಾಗುತ್ತವೆ, ಜಮಾ ಮಾಡೋ ಕೆಲಸ ನಿಲ್ಲಿಸಬೇಕಿಲ್ಲ. ಇದು ‘ಇನ್ನೋಡಿಬಿ’ ಬಗೆಯ ಪಟ್ಟಿಗಳಿಗೆ ಮಾತ್ರ. ‘ಮೈಐಸ್ಯಾಮ್’ ಬಗೆಯಾದರೆ ನಕಲು ಮುಗಿಯುವವರೆಗೆ ಹೊಸ ಬರವಣಿಗೆ ತಡೆಯಬೇಕು.

ಮುಂದಿನ ಸಭೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರನ್ನು ಕೇಳಿ:

1. ಎಲ್ಲ ಪಟ್ಟಿಗಳ ನಕಲೂ ಒಂದೇ ಕ್ಷಣದ್ದಾ?
2. ಒಂದು ಪ್ರತಿ ಬೇರೆ ಕಟ್ಟಡದಲ್ಲಿ ಇದೆಯಾ?
3. ಆ ನಕಲನ್ನು ಬೇರೆ ಕಂಪ್ಯೂಟರಿಗೆ ಹಾಕಿ, ನಾಲ್ಕಾರು ಪಾಸ್‌ಬುಕ್‌ಗಳ ಜೊತೆ ತಾಳೆ ನೋಡಿದ್ದೀರಾ?

ಕಂಪ್ಯೂಟರ್ ನಮಗೆ ಗೊತ್ತಿಲ್ಲ ಅಂತ ಸುಮ್ಮನಿರಬೇಡಿ. ದುಡ್ಡು ನಿಮ್ಮದು, ಕೇಳುವ ಹಕ್ಕೂ ನಿಮ್ಮದೇ.