ಏಷ್ಯನ್ ಕ್ರೀಡಾಕೂಟದ ಕಾಲ್ಚೆಂಡಾಟ ಮತ್ತು ವಯಸ್ಸಿನ ಲೆಕ್ಕ

ಕಾಲ್ಚೆಂಡಾಟದ ಬಗ್ಗೆ ನಮ್ಮ ವಿದ್ಯಾರ್ಥಿಗಳಿಗೆ ಹೊಸದಾಗಿ ಹೇಳಬೇಕಾದುದು ಹೆಚ್ಚಿಲ್ಲ. ಪುತ್ತಿಗೆಯ ಬೈಲುಗಳಲ್ಲಿ ಕೊಯ್ಲು ಮುಗಿದೊಡನೆ ಚೆಂಡು ಉರುಳತೊಡಗುತ್ತದೆ. ನಮ್ಮ ಜಿಲ್ಲೆಯ ತೆಂಕಣ ತುದಿಯ ತೃಕ್ಕರಿಪುರದಿಂದ ಹೊರಟ ಮೊಹಮ್ಮದ್ ರಾಫಿಯವರು ಭಾರತ ತಂಡದವರೆಗೆ ಹೋದವರು. ಪೆನಾಲ್ಟಿ ಯಾವುದು, ಕಾರ್ನರ್ ಯಾವುದು ಎಂದು ಐದನೆಯ ತರಗತಿಯ ಮಗುವೂ ಹೇಳೀತು. ಆದರೆ ಏಷ್ಯನ್ ಕ್ರೀಡಾಕೂಟದಲ್ಲಿ ಪುರುಷರ ಕಾಲ್ಚೆಂಡಾಟವು ಯುವಕರ ಪಂದ್ಯಾಟವಾಗಿದೆ ಎಂಬುದು ಎಷ್ಟು ಮಂದಿಗೆ ಗೊತ್ತು? ಅಲ್ಲಿ ಆಡುವವನ ಕಾಲಿಗಿಂತ ಮೊದಲು ಅವನ ಜನ್ಮದಿನಾಂಕವನ್ನು ನೋಡುತ್ತಾರೆ. ಈ ಲೆಕ್ಕವನ್ನು ವಿದ್ಯಾರ್ಥಿಗಳೂ ಹೆತ್ತವರೂ ತಿಳಿದಿರುವುದು ಒಳ್ಳೆಯದೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಹೀಗಿರಲಿಲ್ಲ. 1951ರಲ್ಲಿ ದೆಹಲಿಯಲ್ಲಿ ಪ್ರಥಮ ಏಷ್ಯನ್ ಕ್ರೀಡಾಕೂಟ ಜರಗಿದಾಗ ಯಾವ ವಯಸ್ಸಿನವರೂ ಆಡಬಹುದಿತ್ತು. ಅಂತಿಮ ಪಂದ್ಯದಲ್ಲಿ ಇರಾನನ್ನು 1-0ರಿಂದ ಸೋಲಿಸಿ ಭಾರತ ಚಿನ್ನ ಗೆದ್ದಿತು. ನಾಯಕರು ಶೈಲೇನ್ ಮನ್ನಾ. ಗೋಲು ಹೊಡೆದವರು ಮೇವಾಲಾಲ್. ಬೆಂಗಳೂರಿನ ಅಹಮದ್ ಖಾನ್ ಆ ತಂಡದಲ್ಲಿದ್ದರು. 1962ರ ಸೆಪ್ಟೆಂಬರ್ 4ರಂದು ಜಕಾರ್ತದಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಮಣಿಸಿ ಎರಡನೆಯ ಸಲ ಚಿನ್ನ ತಂದರು. ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಿಸಿಕೊಂಡಿದ್ದ ಜರ್ನೈಲ್ ಸಿಂಗ್, ತಮ್ಮ ರಕ್ಷಣೆಯ ಸ್ಥಾನವನ್ನು ಬಿಟ್ಟು ಮುನ್ನಡೆಯಲ್ಲಿ ಆಡಿ ಗೋಲು ಹೊಡೆದರು. 1970ರಲ್ಲಿ ಬ್ಯಾಂಕಾಕಿನಲ್ಲಿ ಕಂಚು ಬಂತು. ಆಮೇಲೆ ಈ ಆಟದಲ್ಲಿ ಏಷ್ಯನ್ ಕ್ರೀಡಾಕೂಟದ ಪದಕ ನಮಗೆ ದೊರೆತಿಲ್ಲ.

ವಯಸ್ಸಿನ ಮಿತಿ ಹುಟ್ಟಿದ್ದು ಒಲಿಂಪಿಕ್ಸಿನಲ್ಲಿ. ಹಣ ಪಡೆದು ಆಡುವವರಿಗೆ ಅಲ್ಲಿ ಬಹುಕಾಲ ಪ್ರವೇಶವಿರಲಿಲ್ಲ. 1984ರಲ್ಲಿ ಆ ಬಾಗಿಲು ತೆರೆಯಿತು. ಆದರೆ ಲೋಕದ ಶ್ರೇಷ್ಠ ಆಟಗಾರರೆಲ್ಲ ಒಲಿಂಪಿಕ್ಸಿಗೆ ಬಂದರೆ ತನ್ನ ವಿಶ್ವಕಪ್ಪಿಗೆ ಸಾಟಿಯಾದ ಮತ್ತೊಂದು ಪಂದ್ಯಾಟ ಎದ್ದು ನಿಂತೀತೆಂದು ಅಂತರರಾಷ್ಟ್ರೀಯ ಸಂಸ್ಥೆಯಾದ ಫಿಫಾ ಒಪ್ಪಲಿಲ್ಲ. ಇದರ ಫಲವಾಗಿ 1992ರ ಬಾರ್ಸಿಲೋನಾ ಒಲಿಂಪಿಕ್ಸಿನಿಂದ 23 ವರ್ಷದೊಳಗಿನವರು ಎಂಬ ನಿಯಮ ಬಂತು. 1996ರಲ್ಲಿ ಅದನ್ನು ಸ್ವಲ್ಪ ಸಡಿಲಿಸಿ, ಪ್ರತಿ ತಂಡಕ್ಕೂ ಆ ವಯಸ್ಸು ದಾಟಿದ ಮೂವರನ್ನು ಸೇರಿಸಿಕೊಳ್ಳಲು ಬಿಟ್ಟರು. 2002ರ ಬುಸಾನ್ ಕೂಟದಿಂದ ಏಷ್ಯನ್ ಕ್ರೀಡಾಕೂಟವೂ ಇದೇ ಕ್ರಮವನ್ನು ಅನುಸರಿಸಿತು. ನಿಜ ಹೇಳಬೇಕೆಂದರೆ, ಯುವಕರ ಹಿತಕ್ಕಾಗಿ ಹುಟ್ಟಿದ ನಿಯಮ ಇದಲ್ಲ. ಎರಡು ದೊಡ್ಡ ಮನೆಗಳ ನಡುವಿನ ಬೇಲಿ. ಆದರೂ ಯುವಕರಿಗೆ ಇದರಿಂದ ಲಾಭವಾಗಿದೆ.

ಇನ್ನು ಲೆಕ್ಕ. ‘23 ವರ್ಷದೊಳಗೆ’ ಎಂದರೆ ಪಂದ್ಯದ ದಿನ 23 ತುಂಬಿರಬಾರದು ಎಂದು ಅರ್ಥವಲ್ಲ. ಕೂಟ ನಡೆಯುವ ಇಸವಿಯಿಂದ 23ನ್ನು ಕಳೆದು, ಬಂದ ಇಸವಿಯ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಅರ್ಹರು. 2018ರ ಜಕಾರ್ತ ಕೂಟಕ್ಕೆ 1995ರ ಜನವರಿ 1 ಗಡಿಯಾಗಿತ್ತು. 2022ರಲ್ಲಿ ಹಾಂಗ್‌ಝೌ ನಗರದಲ್ಲಿ ನಡೆಯಬೇಕಾಗಿದ್ದ ಕೂಟ ಕೋವಿಡ್ ನಿಮಿತ್ತ 2023ಕ್ಕೆ ಮುಂದೆ ಹೋಯಿತು. ಆದರೆ ಗಡಿ ಮಾತ್ರ 1999ರ ಜನವರಿ 1ರಲ್ಲೇ ಉಳಿಯಿತು. ಹಾಗಾಗಿ ಅಲ್ಲಿ ಆಡಿದವರು 24 ವರ್ಷದೊಳಗಿನವರಾದರು. ಕೂಟ ತಡವಾದುದಕ್ಕೆ ಹುಡುಗರ ಅವಕಾಶ ತಪ್ಪಬಾರದೆಂದು ಹೀಗೆ ಮಾಡಿದರು. ನ್ಯಾಯವಾದ ತೀರ್ಮಾನವೆಂದೇ ನಮ್ಮ ಅಭಿಪ್ರಾಯ.

ಈ ಪಂದ್ಯಾಟವನ್ನು ಒಂದೊಂದು ದೇಶ ಒಂದೊಂದು ರೀತಿ ನೋಡುತ್ತದೆ. ದಕ್ಷಿಣ ಕೊರಿಯಾದಲ್ಲಿ ಯುವಕರಿಗೆ ಸೈನ್ಯದ ಸೇವೆ ಕಡ್ಡಾಯ. ಏಷ್ಯನ್ ಕೂಟದಲ್ಲಿ ಚಿನ್ನ ಗೆದ್ದವರಿಗೆ ಅದರಿಂದ ವಿನಾಯಿತಿ ಇದೆ. 2018ರಲ್ಲಿ 26 ವರ್ಷದ ಸನ್ ಹ್ಯೂಂಗ್-ಮಿನ್ ಹಿರಿಯ ಆಟಗಾರನಾಗಿ ಬಂದಾಗ, ಇಂಗ್ಲೆಂಡಿನ ಕ್ಲಬ್ಬಿನಲ್ಲಿದ್ದ ಅವರ ವೃತ್ತಿಜೀವನವೇ ತಕ್ಕಡಿಯಲ್ಲಿತ್ತು. ಅಂತಿಮ ಪಂದ್ಯದಲ್ಲಿ ಜಪಾನನ್ನು ಹೆಚ್ಚುವರಿ ಸಮಯದಲ್ಲಿ 2-1ರಿಂದ ಗೆದ್ದರು. ಸೋತ ಜಪಾನಿನ ರೀತಿಯೇ ಬೇರೆ. 23ರವರೆಗೆ ಅನುಮತಿ ಇದ್ದರೂ ಅವರು ಕಳುಹಿಸಿದ್ದು 21 ವರ್ಷದೊಳಗಿನ ಹುಡುಗರನ್ನು. ಎರಡು ವರ್ಷ ಬಿಟ್ಟು ಬರಬೇಕಾಗಿದ್ದ ಟೋಕಿಯೋ ಒಲಿಂಪಿಕ್ಸಿಗೆ ಅವರನ್ನು ಈಗಲೇ ಹದಗೊಳಿಸುವುದು ಅವರ ಉದ್ದೇಶ.

ನಮ್ಮ ದೇಶವಾದರೋ, 2018ರಲ್ಲಿ ತಂಡವನ್ನೇ ಕಳುಹಿಸಲಿಲ್ಲ. ಏಷ್ಯದ ಮೊದಲ ಎಂಟರೊಳಗೆ ಇಲ್ಲವೆಂಬ ಕಾರಣದಿಂದ ಭಾರತೀಯ ಒಲಿಂಪಿಕ್ ಸಂಸ್ಥೆ ಅನುಮತಿ ಕೊಡಲಿಲ್ಲ. ಆ ವರ್ಷ 22, 23ರ ಪ್ರಾಯದಲ್ಲಿದ್ದ ಹುಡುಗರಿಗೆ ವಯಸ್ಸು ಮತ್ತೆ ಹಿಂದಿರುಗಲಿಲ್ಲ. 2023ರಲ್ಲಿ ತಂಡ ಹೋಯಿತು, ಆದರೆ ಸಿದ್ಧತೆ ಸಾಲದು. ಈ ಕೂಟಕ್ಕೆ ಆಟಗಾರರನ್ನು ಬಿಟ್ಟುಕೊಡಲು ಕ್ಲಬ್ಬುಗಳು ಬದ್ಧವಲ್ಲ. ಪಂದ್ಯದ ಹಿಂದಿನ ದಿನ ಹಾಂಗ್‌ಝೌ ತಲಪಿದ ನಮ್ಮವರು ಸೆಪ್ಟೆಂಬರ್ 19ರಂದು ಚೀನಕ್ಕೆ 1-5ರಿಂದ ಸೋತರು. ಆ ಒಂದು ಗೋಲು ಕೇರಳದ ಕೆ.ಪಿ. ರಾಹುಲರದು. ಮತ್ತೆ ಬಾಂಗ್ಲಾದೇಶವನ್ನು 1-0ರಿಂದ ಗೆದ್ದು, ಮ್ಯಾನ್ಮಾರ್ ಜತೆ 1-1ರ ಸಮಬಲ ಸಾಧಿಸಿ ಮುಂದಿನ ಸುತ್ತಿಗೇರಿದರು. ಅಲ್ಲಿ ಸೌದಿ ಅರೇಬಿಯಕ್ಕೆ 0-2ರಿಂದ ಶರಣಾದರು. ಬಾಂಗ್ಲಾದೇಶದ ಎದುರು ಪೆನಾಲ್ಟಿಯಿಂದ ಗೋಲು ಗಳಿಸಿದವರು ಹಿರಿಯರಾಗಿ ಸೇರಿದ್ದ 39ರ ಸುನಿಲ್ ಛೇತ್ರಿ. ಯುವಕರ ಪಂದ್ಯಾಟದಲ್ಲಿ ನಮ್ಮನ್ನು ದಡ ಸೇರಿಸಿದವರು ಅತಿ ಹಿರಿಯರೇ ಆದದ್ದು ವಿಚಾರ ಮಾಡತಕ್ಕ ಸಂಗತಿ.

ಇದೆಲ್ಲ ದೂರದ ಮಾತೆಂದು ಯಾರೂ ತಿಳಿಯಬಾರದು. ಇದೇ ಜನವರಿ 1ರ ಗಡಿ ಶಾಲಾ ಪಂದ್ಯಾಟಗಳ ವಯೋವಿಭಾಗಗಳಲ್ಲಿಯೂ ಎದುರಾಗುತ್ತದೆ. ನಮ್ಮ ತರಗತಿಗಳ ವರ್ಷ ಜೂನಿನಿಂದ ಜೂನಿಗೆ. ಚೆಂಡಿನ ವರ್ಷ ಜನವರಿಯಿಂದ ದಶಂಬರಕ್ಕೆ. 2010ರ ದಶಂಬರದಲ್ಲಿ ಹುಟ್ಟಿದವನೂ 2011ರ ಜನವರಿಯಲ್ಲಿ ಹುಟ್ಟಿದವನೂ ಒಂದೇ ಬೆಂಚಿನಲ್ಲಿ ಕುಳಿತಿರಬಹುದು. ಆದರೆ 2011ರ ಗಡಿಯಿದ್ದರೆ ಮೊದಲನೆಯವನು ಹೊರಗೆ, ಎರಡನೆಯವನು ಒಳಗೆ. ಅಷ್ಟೇ ಅಲ್ಲ, ಆ ಗುಂಪಿನ ಅತಿ ದೊಡ್ಡ ಹುಡುಗನೂ ಅವನೇ. 2011ರ ದಶಂಬರದ ಮಗು ತನಗಿಂತ ಸುಮಾರು ಒಂದು ವರ್ಷ ಹಿರಿಯನಾದ ಅವನೊಡನೆ ಸೆಣಸಬೇಕು. ಹದಿನಾಲ್ಕರ ಪ್ರಾಯದಲ್ಲಿ ಒಂದು ವರ್ಷವೆಂದರೆ ಎತ್ತರದಲ್ಲಿಯೂ ತೂಕದಲ್ಲಿಯೂ ದೊಡ್ಡ ಅಂತರ. ಕೆನಡಾದ ಐಸ್ ಹಾಕಿ ತಂಡಗಳನ್ನು ಪರಿಶೀಲಿಸಿದವರು, ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಅವುಗಳಲ್ಲಿ ಹೆಚ್ಚಾಗಿ ತುಂಬಿದ್ದಾರೆಂದು 1985ರಲ್ಲಿ ತೋರಿಸಿಕೊಟ್ಟರು. ಆಯ್ಕೆ ಮಾಡುವವರು ಬೆಳವಣಿಗೆಯನ್ನು ಕಂಡು ಪ್ರತಿಭೆಯೆಂದು ಭ್ರಮಿಸುತ್ತಾರೆ. ಆದುದರಿಂದ ದಶಂಬರದಲ್ಲಿ ಹುಟ್ಟಿದ ಹುಡುಗನನ್ನು ತಂಡಕ್ಕೆ ತೆಗೆದುಕೊಳ್ಳದಿದ್ದರೆ ಅವನು ಚೆಂಡನ್ನು ಮೂಲೆಗೆ ಎಸೆಯಬೇಕಾಗಿಲ್ಲ. ಅವನ ಕಾಲು ಇನ್ನೂ ಬೆಳೆಯುವುದಿದೆ.

ಹೆತ್ತವರಿಗೆ ಸಂಬಂಧಿಸಿದ ಮಾತೊಂದಿದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಜಾತಕದಲ್ಲಿ ಒಂದು ದಿನ, ಶಾಲೆಯ ದಾಖಲೆಯಲ್ಲಿ ಇನ್ನೊಂದು ದಿನ ಇರುವುದು ಸಾಮಾನ್ಯವಾಗಿತ್ತು. ಜೂನ್ ಒಂದಕ್ಕೆ ಪ್ರಾಯ ತುಂಬಿರಬೇಕಲ್ಲ ಎಂದು ಮೇ ತಿಂಗಳಲ್ಲಿ ಹುಟ್ಟಿಸಿಬಿಡುತ್ತಿದ್ದರು! ಆಗ ಅದರಿಂದ ಅಂತಹ ತೊಂದರೆ ಆಗುತ್ತಿರಲಿಲ್ಲ. ಈಗ ಹಾಗಲ್ಲ. 1969ರ ಕಾನೂನಿನಂತೆ ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಪಂದ್ಯಾಟಗಳಲ್ಲಿ ಕೇಳುವುದೂ ಆ ಪ್ರಮಾಣಪತ್ರವನ್ನೇ. ಅದಕ್ಕೂ ಶಾಲೆಯ ದಾಖಲೆಗೂ ಆಧಾರ್ ಕಾರ್ಡಿಗೂ ತಾಳೆಯಾಗದಿದ್ದರೆ, ಸುಳ್ಳು ಹೇಳದ ಮಗುವೂ ಸಂಶಯಕ್ಕೆ ಗುರಿಯಾಗಿ ಬಯಲಿನ ಹೊರಗೆ ನಿಲ್ಲಬೇಕಾದೀತು.

ಬೇಕೆಂದೇ ವಯಸ್ಸು ಕಡಿಮೆ ಬರೆಸುವವರನ್ನು ಹಿಡಿಯಲು ಬೇರೆ ಉಪಾಯವಿದೆ. ಬೆಳೆಯುವ ಹುಡುಗನ ಮಣಿಕಟ್ಟಿನ ಬಳಿ ಮುಂಗೈ ಎಲುಬಿನ ತುದಿಯಲ್ಲಿ ಮೆದುವಾದ ಒಂದು ಪದರವಿರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದಲೇ. ಬೆಳವಣಿಗೆ ಮುಗಿಯುತ್ತಾ ಬಂದಂತೆ ಅದು ಗಟ್ಟಿಯಾಗಿ ಕೂಡಿಕೊಳ್ಳುತ್ತದೆ. ಹದಿನೇಳು ತುಂಬುವ ಮೊದಲು ಪೂರ್ತಿ ಕೂಡುವುದು ಬಹಳ ಅಪರೂಪ. 2009ರ 17 ವರ್ಷದೊಳಗಿನ ವಿಶ್ವಕಪ್ಪಿನಿಂದ ಫಿಫಾ ಇದನ್ನು ಎಂ.ಆರ್.ಐ. ಯಂತ್ರದಲ್ಲಿ ನೋಡುತ್ತಿದೆ. ಈ ಪರೀಕ್ಷೆ ಹುಟ್ಟಿದ ತಾರೀಕನ್ನು ಹೇಳಲಾರದು. ಗಡಿ ದಾಟಿದವನನ್ನು ಮಾತ್ರ ತೋರಿಸಿಕೊಡುತ್ತದೆ. 23ರ ಪಂದ್ಯಾಟಕ್ಕೆ ಇದು ಉಪಯೋಗವಿಲ್ಲ, ಏಕೆಂದರೆ ಆ ಪ್ರಾಯಕ್ಕೆ ಎಲ್ಲರ ಎಲುಬೂ ಕೂಡಿರುತ್ತದೆ. ಅಲ್ಲಿ ಆಧಾರವಾಗಿ ಉಳಿಯುವುದು ಹುಟ್ಟಿದಾಗ ಬರೆಸಿದ ಆ ಒಂದು ಕಾಗದ.