ಅನುಭವಪತ್ರವೂ ಸತ್ಯಾಣುವ್ರತವೂ

ದಶಲಕ್ಷಣ ಪರ್ವದ ಉತ್ತಮ ಸತ್ಯದ ದಿನ ಏಕಭುಕ್ತವನ್ನು ಆಚರಿಸಿ, ಬಸದಿಯಲ್ಲಿ ಪೂಜೆ ಮುಗಿಸಿ ಮನೆಗೆ ಬಂದ ತರುಣನೊಬ್ಬನು ಹೊಸ ಕೆಲಸಕ್ಕೆ ಅರ್ಜಿ ಬರೆಯಲು ಕುಳಿತನೆಂದು ಭಾವಿಸೋಣ. ಅವನು ಅಂಗಡಿಯೊಂದರಲ್ಲಿ ಲೆಕ್ಕ ಬರೆದುದು 8 ತಿಂಗಳು ಮಾತ್ರ. ಅಲ್ಲಿ ಕೇಳಿರುವುದು 3 ವರ್ಷಗಳ ಅನುಭವ. ಸೋದರಮಾವನು ತನ್ನ ಅಂಗಡಿಯ ಕಾಗದದ ಮೇಲೆ, ಇವನು 3 ವರ್ಷ ನಮ್ಮಲ್ಲಿ ಲೆಕ್ಕಿಗನಾಗಿದ್ದನೆಂದು ಬರೆದು ಸಹಿ ಮಾಡಿಕೊಡುತ್ತಾನೆ. ಎಲ್ಲರೂ ಹೀಗೆಯೇ ಮಾಡುವರು, ಇದರಿಂದ ಯಾರಿಗೇನು ನಷ್ಟ ಎಂಬ ಸಮಾಧಾನವೂ ಅದರ ಜೊತೆಗೇ ದೊರೆಯುತ್ತದೆ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ 5 ಅತಿಚಾರಗಳನ್ನು ಹೇಳಿರುವರು. ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ ಎಂಬಿವೇ ಅವು. ಇಲ್ಲಿ ಮೂರನೆಯದನ್ನು ಗಮನಿಸಬೇಕು. ಒಬ್ಬನು ಹೇಳದಿರುವುದನ್ನು, ಮಾಡದಿರುವುದನ್ನು, ಅವನು ಹೇಳಿದನು, ಮಾಡಿದನು ಎಂದು ವಂಚನೆಗಾಗಿ ಬರೆಯುವುದೇ ಕೂಟಲೇಖವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಸೋದರಮಾವನ ಕಾಗದಕ್ಕೆ ಬೇರೆ ಹೆಸರು ಹುಡುಕಬೇಕಾಗಿಲ್ಲ. ಬಾಯಿಂದ ಸುಳ್ಳಾಡಲಿಲ್ಲ, ಕಾಗದವನ್ನಷ್ಟೇ ಕೊಟ್ಟೆನೆಂಬ ನೆಪಕ್ಕೆ ಇಲ್ಲಿ ಎಡೆಯಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವಂತೂ ಸ್ಥೂಲವಾದ ಅಸತ್ಯವನ್ನು ತಾನು ಆಡಬಾರದು, ಇತರರಿಂದ ಆಡಿಸಲೂಬಾರದು ಎನ್ನುತ್ತದೆ. ಆದುದರಿಂದ ಬರೆದ ಹಿರಿಯನೂ ಬರೆಯಿಸಿಕೊಂಡ ಕಿರಿಯನೂ ಈ ದೋಷಕ್ಕೆ ಭಾಗಿಗಳು.

ಯಾರಿಗೇನು ನಷ್ಟವೆಂಬ ಪ್ರಶ್ನೆಗೆ ಉತ್ತರ ಕಷ್ಟವಲ್ಲ. ನಿಜವಾಗಿ 3 ವರ್ಷ ದುಡಿದವನೊಬ್ಬನಿಗೆ ಆ ಸ್ಥಾನ ತಪ್ಪುತ್ತದೆ. ಇಲ್ಲದ ನೈಪುಣ್ಯಕ್ಕೆ ಮಾಲೀಕನು ಸಂಬಳ ತೆರುತ್ತಾನೆ. ಇವೆರಡಕ್ಕಿಂತಲೂ ಸೂಕ್ಷ್ಮವಾದ ಹಾನಿ ಆ ತರುಣನಿಗೇ ಆಗುತ್ತದೆ. ವರ್ಷಾಂತ್ಯದಲ್ಲಿ ಅಢಾವೆ ಪತ್ರಿಕೆ ಸಿದ್ಧಪಡಿಸೆಂದಾಗ ಅವನಿಗೆ ತಿಳಿಯದು. ಪಕ್ಕದ ಮೇಜಿನವರನ್ನು ಕೇಳಿದರೆ ಗುಟ್ಟು ಹೊರಬೀಳುವುದು. ಕಲಿಯಬೇಕಾದ ವಯಸ್ಸಿನಲ್ಲಿ ಕೇಳುವ ಹಕ್ಕನ್ನೇ ಅವನು ಕಳೆದುಕೊಂಡನು. ಸತ್ಯವ್ರತದ ಭಾವನೆಗಳಲ್ಲಿ ಕ್ರೋಧ, ಲೋಭ, ಭಯ, ಹಾಸ್ಯಗಳ ತ್ಯಾಗವನ್ನೂ ವಿಚಾರಪೂರ್ವಕವಾದ ಮಾತನ್ನೂ ಹೇಳಿದೆಯಷ್ಟೆ. ಈ ಪತ್ರವನ್ನು ಬರೆಯಿಸಿದುದು ಲೋಭ, ಅದನ್ನು ಕಾಯುತ್ತಿರುವುದು ಭಯ.

ಭವಿಷ್ಯನಿಧಿ ಇರುವ ಕೆಲಸಗಳಲ್ಲಿ 2014ರಿಂದ ನೌಕರನಿಗೆ ಒಂದೇ ಖಾತಾಸಂಖ್ಯೆ ನಡೆದುಬಂದಿದೆ; ಎಲ್ಲಿ, ಎಂದು ಸೇರಿದನೆಂಬುದು ಅದರಿಂದ ತಿಳಿಯುತ್ತದೆ. ಸಿಕ್ಕಿಬೀಳುವೆನೆಂದು ಸುಳ್ಳನ್ನು ಬಿಡುವುದು ಜಾಣತನವಿರಬಹುದು, ವ್ರತವಲ್ಲ.

ತನ್ನ ಯೋಗ್ಯತೆಯನ್ನು ಮುಚ್ಚಿಡಬೇಕೆಂದೂ ಶಾಸ್ತ್ರ ಹೇಳುವುದಿಲ್ಲ. ಖರೀದಿ-ಮಾರಾಟದ ಲೆಕ್ಕ, ಬ್ಯಾಂಕಿನ ತಾಳೆ ಇವನ್ನು ಚೆನ್ನಾಗಿ ಕಲಿತಿದ್ದರೆ ಧಾರಾಳವಾಗಿ ಬರೆಯಲಿ. ಅಢಾವೆ ಮಾಡಿಲ್ಲವಾದರೆ ಮಾಡಿಲ್ಲ, ಕಲಿಯುವೆನು ಎನ್ನಲಿ.

ಪತ್ರವನ್ನು ಈಗಾಗಲೇ ಕೊಟ್ಟು ಕೆಲಸಕ್ಕೆ ಸೇರಿದ್ದಾದರೆ? ಪ್ರತಿಕ್ರಮಣದಲ್ಲಿ ಆಲೋಚನೆ ಮಾಡುವುದು ಸರಿಯೇ. ಆದರೆ ಆ ಕಾಗದ ಮಾಲೀಕನ ಕಡತದಲ್ಲಿರುವವರೆಗೂ ಅಷ್ಟಮಿ, ಚತುರ್ದಶಿಯ ಉಪವಾಸದ ದಿನವೂ ಅದು ಸುಳ್ಳನ್ನು ಹೇಳುತ್ತಲೇ ಇರುತ್ತದೆ. ಅದನ್ನು ಹಿಂದಕ್ಕೆ ಪಡೆಯಲು ಮಾಲೀಕನ ಎದುರಿಗೇ ಹೋಗಬೇಕು. ಸಂಬಳ ಇಳಿಯಬಹುದು, ಕೆಲಸವೇ ಹೋಗಬಹುದು. ಆ ದಿನ ಸೋದರಮಾವನೂ ಜೊತೆಗೆ ಹೋಗುವುದು ಯುಕ್ತ, ಸಹಿ ಅವನದು.